ನೆಲವೇ ಡೊಂಕಾಗಿದ್ದರೆ?

ವಿಜ್ಞಾನಿಗೆ ಪ್ರಯೋಗಶಾಲೆಯೇ ಲೋಕ. ಶಿಕ್ಷಣ ನೀತಿ ಅಧಿಕಾರಿಗಳಿಗೆ ಬಿಟ್ಟ ವಿಷಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಸರಿಯಲ್ಲವೆಂಬುದಕ್ಕೆ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಜೋ ಹ್ಯಾಂಡೆಲ್ಸ್‌ಮನ್ ಅವರ ಕಾರ್ಯವೇ ನಿದರ್ಶನ.

ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಮಣ್ಣಿನ ಬ್ಯಾಕ್ಟೀರಿಯಗಳನ್ನು ಅಭ್ಯಸಿಸುತ್ತಿದ್ದ ಈ ಮಹಿಳೆ, ಮಣ್ಣಿನ ಸಮಸ್ತ ಸೂಕ್ಷ್ಮಜೀವಿಗಳ ಆನುವಂಶಿಕ ದ್ರವ್ಯಕ್ಕೆ 1998ರಲ್ಲಿ ಸಂಗಡಿಗರೊಡನೆ ‘ಮೆಟಜೀನೋಮ್’ ಎಂಬ ಹೆಸರಿತ್ತವರು. ಸಂಶೋಧನೆಯಲ್ಲಿ ಪುರಾವೆಯಿಲ್ಲದೆ ಹೆಜ್ಜೆಯಿಡದ ಪ್ರಾಧ್ಯಾಪಕರು ತರಗತಿಯಲ್ಲಿ ಮಾತ್ರ ಹಳೆಯ ವಾಡಿಕೆಗೆ ಅಂಟಿಕೊಳ್ಳುವುದೇಕೆ? 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರೂ ಸಹೋದ್ಯೋಗಿಗಳೂ ಎತ್ತಿದ ಪ್ರಶ್ನೆಯಿದು.

ಮುಂದೆ ಅಧ್ಯಕ್ಷ ಒಬಾಮರ ಸಲಹಾ ಮಂಡಳಿಗಾಗಿ 2012ರಲ್ಲಿ ಸಿದ್ಧವಾದ ವರದಿಗೆ ಭೌತವಿಜ್ಞಾನಿ ಜೇಮ್ಸ್ ಗೇಟ್ಸ್ ಅವರೊಡನೆ ಇವರೂ ನೇತೃತ್ವ ವಹಿಸಿದರು. ವಿಜ್ಞಾನ, ಇಂಜಿನಿಯರಿಂಗ್, ಗಣಿತಗಳನ್ನು ಕಲಿಯುವ ಹಂಬಲದಿಂದ ಕಾಲೇಜು ಸೇರಿದವರಲ್ಲಿ ಶೇಕಡಾ 40ಕ್ಕಿಂತ ಕಡಿಮೆ ಮಂದಿ ಅದೇ ವಿಷಯದಲ್ಲಿ ಪದವಿ ಪಡೆಯುತ್ತಿದ್ದರು. ಈ ಪ್ರಮಾಣ ಶೇಕಡಾ 50ಕ್ಕೇರಿದರೆ, ಹತ್ತು ವರ್ಷಗಳಲ್ಲಿ ದೇಶಕ್ಕೆ ಹೆಚ್ಚುವರಿಯಾಗಿ ಬೇಕಾದ 10 ಲಕ್ಷ ಪದವೀಧರರಲ್ಲಿ ಮುಕ್ಕಾಲು ಪಾಲು ದೊರೆಯುವರೆಂದು ವರದಿ ಲೆಕ್ಕ ಹಾಕಿತು. ಜಾಣ ವಿದ್ಯಾರ್ಥಿಗಳೂ ವಿಜ್ಞಾನ ತೊರೆಯಲು ಮೊದಲ ವರ್ಷದ ನೀರಸ ಪಾಠಗಳು ಕಾರಣವೆಂದಿತು. ಬರಿಯ ಉಪನ್ಯಾಸದ ಬದಲು ಮಾಡಿ ಕಲಿಯುವ ಕ್ರಮವನ್ನು ಸೂಚಿಸಿತು. 2014ರಿಂದ 2017ರ ಆರಂಭದವರೆಗೆ ಅವರು ಶ್ವೇತಭವನದ ವಿಜ್ಞಾನ ನೀತಿ ಕಚೇರಿಯಲ್ಲಿದ್ದರು.

ಕುಣಿಯಲಾರದವಳು ನೆಲ ಡೊಂಕೆಂದಳೆಂದು ನಾವು ನಗುತ್ತೇವೆ. ಇಲ್ಲಿ ನೆಲವೇ ಡೊಂಕಾಗಿತ್ತು!

ಗಡಿನಾಡಿನ ನಮಗೆ ಈ ಮಾತು ಮನಮುಟ್ಟಬೇಕು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಅಧ್ಯಾಪಕರು ಬಂದಾಗಲೆಲ್ಲ ನಾವು ಭಾಷೆಯ ಹಕ್ಕಿಗಾಗಿ ದನಿಯೆತ್ತಿದ್ದೇವೆ, ಅದು ನ್ಯಾಯವೇ. ಆದರೆ ಆಮ್ಲಜನಕವೆಂದರೇನೆಂದು ಕೇಳಲಾಗದೆ, ಕೇಳಿದರೂ ಉತ್ತರ ತಿಳಿಯದೆ ಕೂರುವ ಮಗು ಭಾಷೆಯೊಡನೆ ವಿಜ್ಞಾನವನ್ನೂ ಕಳೆದುಕೊಳ್ಳುತ್ತದೆ. ಆಮೇಲೆ ‘ಅವನಿಗೆ ತಲೆಯಿಲ್ಲ’ ಎಂಬ ತೀರ್ಪು!

ಬರಿಯ ಮನವಿಪತ್ರ ಸಾಲದು. ಎಷ್ಟು ಮಕ್ಕಳು ಹತ್ತನೆಯ ತರಗತಿಯ ಬಳಿಕ ವಿಜ್ಞಾನ ಬಿಟ್ಟರು, ಎಷ್ಟು ದಿನ ಅಧ್ಯಾಪಕರಿರಲಿಲ್ಲ ಎಂಬ ಲೆಕ್ಕವನ್ನು ಪ್ರತಿಯೊಂದು ರಕ್ಷಕ-ಶಿಕ್ಷಕ ಸಂಘವೂ ಇಡಲಿ. ನಮ್ಮ ನಡುವಿನ ವಿಜ್ಞಾನ ಪದವೀಧರರು ಆ ಲೆಕ್ಕ ಹಿಡಿದು ಅಧಿಕಾರಿಗಳೆದುರು ಕುಳಿತುಕೊಳ್ಳಲಿ. ಅಂಕಿ ಅಂಶಗಳನ್ನು ಅಲ್ಲಗಳೆಯುವುದು ಸುಲಭವಲ್ಲ.