ಫ್ರೆಟ್‌ಬೋರ್ಡ್ ಕೆತ್ತೋದಾದ್ರೆ ಕೈಯಲ್ಲೇ ಕೆತ್ತಿ

ರಾಜ್ಯೋತ್ಸವಕ್ಕೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ತೋಡಿ ನುಡಿಸಬೇಕು ಅನ್ನೋದು ನಮ್ಮ ಹಠ. ಗಮಕ ಮಾತ್ರ ಬರ್ತಾ ಇರ್ಲಿಲ್ಲ. ತಂತಿ ಜಗ್ಗಿದರೆ ಬೆರಳು ಮರಕ್ಕೆ ಉಜ್ಜುತ್ತಿತ್ತು. ಹಾಗಾಗಿ ಅಟ್ಲಾಂಟಾದ ನಮ್ಮ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಕೂತು ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನ ಹಾಗೆ ಕೆತ್ತಿದೆವು. ಇದಕ್ಕೇ ಸ್ಕ್ಯಾಲಪಿಂಗ್ ಅಂತಾರೆ.

ರಾಕ್ ಹುಡುಗರ ಶೋಕಿ ಅಂದ್ಕೋಬೇಡಿ. ನಮ್ಮ ವೀಣೆಯ 24 ಮೆಟ್ಟುಗಳು ಮೇಣದ ಮೇಲೆ ಎತ್ತರದಲ್ಲಿ ಕೂತಿವೆ, ಬೆರಳು ಮರ ಮುಟ್ಟೋದೇ ಇಲ್ಲ. ವೀಣೆ ಕಲಿತಿದ್ದ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಶಕ್ತಿ ತಂಡಕ್ಕೆ ಮಾಡಿಸಿಕೊಂಡ ಗಿಟಾರಿನಲ್ಲೂ ಇದೇ ಹಳ್ಳಗಳಿದ್ದವು.

ಮಾಡಿ, ಆದರೆ ಸೆಕೆಂಡ್‌ಹ್ಯಾಂಡ್ ಗಿಟಾರಿನಲ್ಲಿ, 12ನೇ ಫ್ರೆಟ್‌ನಿಂದ ಮೇಲಕ್ಕಷ್ಟೇ. ಫ್ರೆಟ್‌ಗಳಿಗೆ ಟೇಪ್ ಸುತ್ತಿ, ಅರ್ಧ ದುಂಡಗಿನ ಅರ ಹಿಡಿದು ಉಜ್ಜಿ, ಆಮೇಲೆ ಮಾರ್ಕರ್ ಪೆನ್ನಿಗೆ ಸುತ್ತಿದ ಸ್ಯಾಂಡ್‌ಪೇಪರ್. ಮಾಸ್ಕ್ ಮರೀಬೇಡಿ, ರೋಸ್‌ವುಡ್ ಪುಡಿ ಒಳ್ಳೇದಲ್ಲ. ಮೋಟಾರ್ ಟೂಲ್ ಬೇಡವೇ ಬೇಡ. ಅದು ಜಾರಿದರೆ ಫ್ರೆಟ್ ಬುಡದ ಮರವೇ ಹೋಗುತ್ತೆ, ಹೋದ ಮರ ವಾಪಸ್ ಬರಲ್ಲ. ನಿಧಾನವಾಗಿ ಉಜ್ಜಿಯೂ ನಾವು 15ನೇ ಫ್ರೆಟ್‌ನ ಬಿಳಿ ಚುಕ್ಕಿ ಅಳಿಸಿಬಿಟ್ವಿ!

ಅಸಲಿ ಕಷ್ಟ ಆಮೇಲಿತ್ತು. ತಳದಲ್ಲಿ ಮರವಿಲ್ಲ, ಸ್ವಲ್ಪ ಜಾಸ್ತಿ ಒತ್ತಿದರೂ ಸ್ವರ ಏರುತ್ತೆ. ನಮ್ಮಲ್ಲೊಬ್ಬಳ ಅಮ್ಮ ಮೈಸೂರಿಂದ ವಿಡಿಯೋ ಕಾಲ್‌ನಲ್ಲಿ ಕೇಳಿ, "ಗಾಂಧಾರ ಎಲ್ಲೋ ಓಡ್ತಿದೆ ಕಣೇ, ಮೆತ್ತಗೆ ಮುಟ್ಟು" ಅಂದ್ರು. ಮರಕ್ಕೆ ಹಿಡಿದದ್ದು ಎರಡು ವೀಕೆಂಡ್; ಬೆರಳು ಇನ್ನೂ ಕಲೀತಾ ಇದೆ. ರಾಜ್ಯೋತ್ಸವದಲ್ಲಿ ಕೊನೆಗೆ ಮೋಹನ ನುಡಿಸಿದ್ವಿ.

ಅರ ನಮ್ಮ ಹತ್ರಾನೇ ಇದೆ. ಬೇಕಾದವರು ಕೇಳಿ.