ಚರ್ಚಿನಂಗಳದ ಕೋಲಾಟ ಮತ್ತು ಅಜ್ಜಿಯ ಸಿಟ್ಟು

ಶಾಲಾ ಕಲೋತ್ಸವದಲ್ಲಿ ಮಾರ್ಗಂಕಳಿ ನೋಡದ ಕನ್ನಡ ಮನೆಗಳು ನಮ್ಮ ಕಾಸರಗೋಡಿನಲ್ಲಿ ಕಡಿಮೆ. ದೀಪದ ಸುತ್ತ ಬಿಳಿಯುಡುಗೆಯ ಹುಡುಗಿಯರು ಸಂತ ತೋಮನ ಕಥೆ ಹಾಡುತ್ತ ಕುಣಿಯುವಾಗ, ಕ್ರೈಸ್ತರಿಗೆ ಕುಣಿತ ಸಲ್ಲುವುದೇ ಎಂಬ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಹೀಗೆ ರೂಢಿಯಾದ ಕಣ್ಣಿಗೆ, ಕಳೆದ ಡಿಸೆಂಬರಿನಲ್ಲಿ ಪತ್ತಿಕೊಂಡದಲ್ಲಿ ಕಂಡ ಒಂದು ಜಗಳ ವಿಚಿತ್ರವೆನಿಸಿತು.

ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಈ ಊರು, ಆದವಾನಿಯಂತೆಯೇ, ತೆಲುಗು-ಕನ್ನಡ ಎರಡೂ ಕಿವಿಗೆ ಬೀಳುವ ಸೀಮೆ. ಸ್ನೇಹಿತರ ಮನೆಗೆ ಹೋಗಿದ್ದ ನಾವು ಸಂಜೆ ಅವರ ಚರ್ಚಿನ ಕ್ರಿಸ್‌ಮಸ್ ಸಿದ್ಧತೆ ನೋಡಹೋದೆವು. ಆರಾಧನೆಯ ಹೊತ್ತಿಗೇ ಕೋಲಾಟವಾಡಬೇಕೆಂದು ಹುಡುಗಿಯರು ತಪ್ಪಟೆಯ ಜೊತೆ ಅಭ್ಯಾಸ ನಡೆಸಿದ್ದರು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಬಂದು, "ಕುಣಿಯಾದು ಬ್ಯಾಡಂತ ಈ ದೇವ್ರ ತಾವ ಬಂದೀವಿ, ಇಲ್ಲೂ ಕುಣೀತೀರೇನ್ರೇ?" ಎಂದು ಕೋಲುಗಳನ್ನು ಕಸಿದುಕೊಂಡರು.

ಇದು ಮಿಶನರಿಗಳು ಕಲಿಸಿದ ಮಡಿವಂತಿಕೆ ಎಂದರು ಊರಿನ ವಿದ್ಯಾವಂತ ಯುವಕರು. ಅದರಲ್ಲಿ ಸತ್ಯಾಂಶವಿದೆ. 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಲಂಡನ್ ಮಿಶನ್ ಆರಂಭಿಸಿದರು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. ಕುಣಿತವೆಂದರೆ ಲೌಕಿಕ ಮೋಜು ಎಂಬ ಯುರೋಪಿನ ಭಾವನೆಯೂ ಅವರೊಡನೆ ಬಂತು. ರೋಮಿನ ಪೂಜಾವಿಧಿಯ ಕಚೇರಿ 1975ರಲ್ಲಿ ಪ್ರಕಟಿಸಿದ ಬರಹವೊಂದು ಈ ಗುಟ್ಟನ್ನು ತಾನೇ ಬಿಟ್ಟುಕೊಟ್ಟಿದೆ: ಪಾಶ್ಚಾತ್ಯರಲ್ಲಿ ನೃತ್ಯ ಪ್ರಣಯ-ವಿನೋದಗಳಿಗೆ ಅಂಟಿಕೊಂಡಿರುವುದರಿಂದ ಅಲ್ಲಿಯ ಪೂಜೆಗೆ ಸಲ್ಲದು, ಬೇರೆ ಸಂಸ್ಕೃತಿಗಳ ಮಾತು ಬೇರೆ ಎಂಬುದು ಅದರ ಸಾರ. ಇಥಿಯೋಪಿಯಾದ ಪುರಾತನ ಸಭೆಯಲ್ಲಿ ಕೋಲು ಹಿಡಿದು, ಡೋಲಿನ ತಾಳಕ್ಕೆ ಹೆಜ್ಜೆ ಹಾಕುವುದು ಆರಾಧನೆಯ ಭಾಗವೇ ಆಗಿದೆ. ದಾವೀದನು ಮಂಜೂಷದ ಮುಂದೆ ಕುಣಿದದ್ದನ್ನಂತೂ ಭಾನುವಾರದ ಶಾಲೆಯ ಮಕ್ಕಳೂ ಬಲ್ಲರು.

ಆದರೆ ಅಜ್ಜಿಯ ಸಿಟ್ಟು ಲಂಡನ್ನಿನಿಂದ ಬಂದದ್ದಲ್ಲ. ಬಳ್ಳಾರಿಯಿಂದ ಕರ್ನೂಲಿನ ಪಶ್ಚಿಮದವರೆಗೆ ಹೆಣ್ಣುಮಕ್ಕಳನ್ನು ಬಸವಿ ಬಿಡುವ ಪದ್ಧತಿಯಿತ್ತು. ಗಂಡು ಸಂತಾನವಿಲ್ಲದವರು ಮಗಳನ್ನು ದೇವರಿಗೆ ಬಿಟ್ಟು, ಮದುವೆ ಮಾಡದೆ ತವರಿನಲ್ಲೇ ಉಳಿಸಿಕೊಳ್ಳುತ್ತಿದ್ದರು. ಮಗನ ಹಕ್ಕು ಆಕೆಗೆ ಸಿಗುತ್ತಿತ್ತೆಂಬುದು ನಿಜ. ಊರ ಗಂಡಸರ ಕಣ್ಣು ಆಕೆಯ ಮೇಲೆ ಬೀಳುತ್ತಿತ್ತೆಂಬುದೂ ಅಷ್ಟೇ ನಿಜ. ಜಾತ್ರೆ, ಮೆರವಣಿಗೆಗಳಲ್ಲಿ ಕುಣಿದವರೂ ಅವರಲ್ಲಿದ್ದರು. ಮದ್ರಾಸು ಸರಕಾರ 1947ರಲ್ಲಿ ದೇವರಿಗೆ ಬಿಡುವುದನ್ನು ನಿಷೇಧಿಸಿತು. ಸಾಲದೆಂದು ಆಂಧ್ರಪ್ರದೇಶ 1988ರಲ್ಲಿ ಮತ್ತೆ ಕಾನೂನು ಮಾಡಬೇಕಾಯಿತು. ಇನ್ನು ಮಾದಿಗರಿಗೆ ತಪ್ಪಟೆಯೆಂಬುದು ಕಲೆಯಾಗಿರಲಿಲ್ಲ, ಊರವರ ಸಾವಿಗೂ ಹಬ್ಬಕ್ಕೂ ಕರೆದಾಗ ಬಡಿಯಲೇಬೇಕಾದ ಬಿಟ್ಟಿ ಚಾಕರಿಯಾಗಿತ್ತು. ಆ ಸೀಮೆಯ ಕ್ರೈಸ್ತರಲ್ಲಿ ಬಹಳ ಮಂದಿ ಮಾಲ, ಮಾದಿಗ ಕೇರಿಗಳವರು. ಚರ್ಚಿನ ಬಾಗಿಲು ದಾಟಿದ್ದೆಂದರೆ ಅವರ ಹೆಂಗಸರಿಗೆ ಕುಣಿತದಿಂದ ಬಿಡುಗಡೆ.

ಪೇಟೆಯ ರಂಗಸ್ಥಳದಿಂದ ನೋಡುವವರಿಗೆ ಇದು ಕಾಣದು. ಪಾದ್ರಿಯಾಗಿದ್ದು ಭರತನಾಟ್ಯ ಕಲಿತ ಫ್ರಾನ್ಸಿಸ್ ಬರ್ಬೋಜಾ ಅವರು ಯೇಸು-ಮರಿಯರಿಗೆ ಹೊಸ ಹಸ್ತಮುದ್ರೆಗಳನ್ನೇ ರೂಪಿಸಿದರು. ಒಳ್ಳೆಯ ಕೆಲಸವೇ. ಆದರೆ ದೇವದಾಸಿಯರ ಮನೆಯಿಂದ ಬಂದ ಆ ನೃತ್ಯ ಮೇಲುಜಾತಿಯವರ ಕೈಸೇರಿ ಅಷ್ಟರಲ್ಲೇ ಗೌರವ ಪಡೆದಿತ್ತು. ತಪ್ಪಟೆಗೆ ಆ ಗೌರವವನ್ನು ಯಾರು ಕೊಟ್ಟಿದ್ದರು? ದೇಶೀಯ ಸಂಸ್ಕೃತಿಯನ್ನು ಚರ್ಚಿಗೆ ತನ್ನಿ ಎನ್ನುವವರು, ಆ ಸಂಸ್ಕೃತಿಯಲ್ಲಿ ಕುಣಿದವರಾರು, ಕುಣಿಸಿದವರಾರು ಎಂದೂ ವಿಚಾರಿಸಬೇಕು.

ಹಾಗೆಂದು ಹುಡುಗಿಯರದು ತಪ್ಪೆನ್ನಲಾರೆವು. ಅವರಿಗೆ ಕೋಲಾಟವೆಂದರೆ ಶಾಲಾ ವಾರ್ಷಿಕೋತ್ಸವದ ಆಟ. ನಾವು ಮಾತನಾಡಿಸಿದಾಗ ಬಸವಿ ಎಂಬ ಪದವೇ ಕೆಲವರಿಗೆ ಗೊತ್ತಿರಲಿಲ್ಲ. ಕೋಲಾಟ ಆರಾಧನೆಯೊಳಗೇ ನಡೆಯಲಿ ಎಂಬುದೇ ನಮ್ಮ ಅಭಿಪ್ರಾಯ; ಆದರೆ ಅಜ್ಜಿ ಕೋಲು ಕಸಿದದ್ದೇಕೆಂದು ಅವರ ಬಾಯಿಂದಲೇ ಕೇಳಿಸಿಕೊಂಡ ಮೇಲೆ. ಸಭಾಪಾಲಕರು ಅಷ್ಟು ದೂರ ಹೋಗದೆ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಆಡಿರೆಂದು ಹೇಳಿ ಜಗಳ ಬಿಡಿಸಿದರು. ಆ ರಾತ್ರಿ ಅಜ್ಜಿ ಮನೆಯಿಂದ ಹೊರಗೆ ಬರಲಿಲ್ಲ. ಹುಡುಗಿಯರೂ ಕರೆಯಲು ಹೋಗಲಿಲ್ಲ.