ವಿಷಭೂಮಿಯನ್ನು ಕೊರೆಯುವವರು

ಲೋಕಹಿತಕ್ಕಾಗಿ ಕೈಗೊಂಡ ಕಾರ್ಯದಲ್ಲಿ ಆ ಹಿತದ ಬೆಲೆಯನ್ನು ತನ್ನ ದೇಹದಿಂದಲೇ ತೆರಬೇಕಾದವನು ಯಾರು, ತೆರುವ ಮುನ್ನ ಅವನಿಗೆ ಅದರ ಅರಿವನ್ನು ಕೊಟ್ಟಿದ್ದೇವೆಯೆ ಎಂಬ ಪ್ರಶ್ನೆ ಧರ್ಮವಿಚಾರದಲ್ಲಿ ಹಳೆಯದು. ಆದರೆ ಕಾರ್ಖಾನೆಗಳು ತಮ್ಮ ತ್ಯಾಜ್ಯವನ್ನು ಹೂತಿಟ್ಟ ನೆಲವನ್ನು ಪರೀಕ್ಷಾರ್ಥವಾಗಿ ಕೊರೆಯುವ ಕಾರ್ಮಿಕನ ವಿಷಯದಲ್ಲಿ ಅದು ಬಹು ತೀಕ್ಷ್ಣವಾಗಿ ನಮ್ಮನ್ನು ಎದುರಿಸುತ್ತದೆ. ಒಳಗೆ ಯಾವ ವಿಷವಿದೆ, ಎಷ್ಟು ಆಳಕ್ಕೆ ಇಳಿದಿದೆ, ಅಂತರ್ಜಲವನ್ನು ಮುಟ್ಟಿದೆಯೋ ಇಲ್ಲವೋ ಎಂಬುದನ್ನು ನಿಶ್ಚಯವಾಗಿ ತಿಳಿಯಲು ಕೊರೆಯದೆ ಗತ್ಯಂತರವಿಲ್ಲ. ಕೊರೆದಾಗ ಮೊದಲು ಮೇಲೆ ಬರುವ ಮಣ್ಣು ತಗಲುವುದು, ಮೊದಲು ಹೊರಡುವ ಆವಿ ಸೋಕುವುದು, ರಿಗ್ಗಿನ ಬಳಿ ನಿಂತವನಿಗೆ. ಪ್ರಯೋಗಾಲಯದ ವರದಿ ಬರುವುದು ಎಷ್ಟೋ ದಿನಗಳ ಬಳಿಕ. ಅಷ್ಟರೊಳಗೆ ಅವನು ಆ ಆವಿಯನ್ನು ಉಸಿರಾಡಿ ಆಗಿರುತ್ತದೆ.

ಅಮೆರಿಕದ ನಯಾಗರಾ ಫಾಲ್ಸ್ ಪಟ್ಟಣದಲ್ಲಿ, ಅರ್ಧಕ್ಕೇ ತೋಡಿ ಬಿಟ್ಟಿದ್ದ ಲವ್ ಕೆನಾಲ್ ಎಂಬ ಕಾಲುವೆಗೆ ಹುಕರ್ ಸಂಸ್ಥೆಯು 1942ರಿಂದ 1953ರವರೆಗೆ 20,000 ಟನ್ನಿಗೂ ಮಿಗಿಲಾದ ರಾಸಾಯನಿಕ ತ್ಯಾಜ್ಯವನ್ನು ತುಂಬಿ, ಮೇಲೆ ಮಣ್ಣು ಮುಚ್ಚಿ, ಆ ಜಾಗವನ್ನು ಒಂದು ಡಾಲರಿಗೆ ಶಾಲಾಮಂಡಲಿಗೆ ವಹಿಸಿತು. ಅಲ್ಲಿ ಶಾಲೆಯೆದ್ದಿತು, ಸುತ್ತ ಮನೆಗಳೆದ್ದವು. ಹೂತ ವಿಷ ಆ ಮನೆಗಳತ್ತ ಒಸರಿ, 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿಯನ್ನು ಘೋಷಿಸಬೇಕಾಯಿತು. ಇಂಥ ನೆಲಗಳ ಶುದ್ಧಿಗೆಂದು ಸೂಪರ್‌ಫಂಡ್ ಕಾಯಿದೆ 1980ರಲ್ಲಿಯೇ ಬಂದಿತಾದರೂ, ಶುದ್ಧಿಮಾಡುವ ಕೈಗಳನ್ನು ಕಾಯುವ ಪ್ರತ್ಯೇಕ ವಿಧಿಯನ್ನು ರಚಿಸಬೇಕೆಂದು ಅಲ್ಲಿನ ಶಾಸನಸಭೆ ಆದೇಶಿಸಿದ್ದು 1986ರಲ್ಲಿ, ಅಂತಿಮ ವಿಧಿ ಜಾರಿಗೆ ಬಂದದ್ದು 1990ರಲ್ಲಿ. ಅಪಾಯದ ನೆಲದೊಳಕ್ಕೆ ಕಾಲಿಡುವ ಸಾಮಾನ್ಯ ಕಾರ್ಮಿಕನಿಗೆ 40 ಗಂಟೆಗಳ ಶಿಕ್ಷಣ, ಆಮೇಲೆ ಮೂರು ದಿನಗಳ ಮೇಲ್ವಿಚಾರಣೆಯ ಕೆಲಸ, ವೈದ್ಯಪರೀಕ್ಷೆ, ಗಾಳಿಯ ಮಾಪನ ಇವೆಲ್ಲ ಆ ವಿಧಿಯಿಂದ ಕಡ್ಡಾಯವಾದವು. ಮಣ್ಣಿನ ಚಿಂತೆ ಮೊದಲು, ಮನುಷ್ಯನ ಚಿಂತೆ ಹಿಂದಿನಿಂದ ಬಂದದ್ದು ನನಗೆ ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ನುರಿತ ಕೆಲಸಗಾರನಿಗೆ ಅಪಾಯ ತಾನಾಗಿ ತಿಳಿಯುತ್ತದೆ, ಮೂಗಿಗೆ ವಾಸನೆ ಬಡಿದರೆ ಅವನೇ ಹಿಂದೆ ಸರಿಯುತ್ತಾನೆ ಎಂಬ ವಾದವುಂಟು. ಆದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಾಣಾಂತಿಕವಾಗುವ ಪ್ರಮಾಣಕ್ಕೆ ಏರುವ ಹೊತ್ತಿಗೆ ಘ್ರಾಣಶಕ್ತಿಯನ್ನೇ ಕುಂದಿಸಿಬಿಡುತ್ತದೆ. ಬೆಂಜೀನಿಗೆ ಅಮೆರಿಕದ ಕಾನೂನು ಎಂಟು ಗಂಟೆಯ ಸರಾಸರಿಯಲ್ಲಿ ಗಾಳಿಯ ಹತ್ತು ಲಕ್ಷ ಪಾಲಿಗೆ ಒಂದೇ ಪಾಲಿನ ಮಿತಿಯನ್ನು ವಿಧಿಸಿದೆ. ಅದರ ವಾಸನೆ ಗೊತ್ತಾಗುವಷ್ಟರಲ್ಲಿ ಸಾಮಾನ್ಯವಾಗಿ ಆ ಮಿತಿ ದಾಟಿಹೋಗಿರುತ್ತದೆ. ಯಂತ್ರದ ಮೇಲಣ ವಿಶ್ವಾಸಕ್ಕೂ ಎಲ್ಲೆಯಿದೆ. ನೇರಳಾತೀತ ದೀಪದ ಬಲದಿಂದ ಆವಿಯನ್ನಳೆಯುವ ಕೈಮಾಪಕ ಬೆಂಜೀನನ್ನು ಹಿಡಿಯುತ್ತದೆ. ಆದರೆ ಹಳೆಯ ಕಸದ ಗುಂಡಿಗಳಿಂದ ಏಳುವ, ಕಿಡಿ ತಗಲಿದರೆ ಸ್ಫೋಟಿಸುವ ಮೀಥೇನನ್ನು ಹಿಡಿಯಲಾರದು. ಮುಳ್ಳು ಸೊನ್ನೆಯಲ್ಲಿದೆಯೆಂದು ನಿಶ್ಚಿಂತೆಯಿಂದ ಬೀಡಿ ಹಚ್ಚಿದವನನ್ನು ಆ ಉಪಕರಣ ಕಾಪಾಡುವುದಿಲ್ಲ. ರಕ್ಷಾಕವಚವೂ ನಿರಪಾಯವಲ್ಲ: ಅಡಿಯಿಂದ ಮುಡಿಯವರೆಗೆ ಮುಚ್ಚಿದ ದಿರಿಸಿನೊಳಗೆ ಬೆವರು ಆರದೆ ಮೈ ಕಾದು ತಲೆಸುತ್ತುತ್ತದೆ, ಕೈಗವಸಿನ ಅಂಚನ್ನು ತೋಳಿಗೆ ಪಟ್ಟಿಯಿಂದ ಬಿಗಿಯದೆ ಬಿಟ್ಟರೆ ತಿರುಗುವ ಬೈರಿಗೆ ಆ ಸಡಿಲ ಬಟ್ಟೆಯನ್ನು ಹಿಡಿದು ಕೈಯನ್ನೇ ಎಳೆದುಕೊಳ್ಳುತ್ತದೆ. ಆದುದರಿಂದ ಕವಚವನ್ನು ತೊಡಿಸಿದರೆ ಯಜಮಾನನ ಹೊಣೆ ತೀರಲಿಲ್ಲ. ನೆರಳು, ನೀರು, ಬಿಡುವು, ಪಾಳಿಯ ಬದಲಾವಣೆ ಇವು ಅದೇ ಹೊಣೆಯ ಭಾಗಗಳು.

ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ. 1984ರ ಡಿಸೆಂಬರಿನ ಅನಿಲ ದುರಂತದ ರಾತ್ರಿಯಿಂದ ಕುಪ್ರಸಿದ್ಧವಾದ ಭೋಪಾಲದ ಕಾರ್ಖಾನೆಯ ಅಂಗಳದಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯ ವಿಲೇವಾರಿಗೆಂದು ಪೀಥಂಪುರಕ್ಕೆ ಸಾಗಿದ್ದು 2025ರ ಜನವರಿಯಲ್ಲಿ. ಮಣ್ಣಿಗೂ ಅಂತರ್ಜಲಕ್ಕೂ ಇಳಿದ ಪಾಲು ಲಾರಿಯಲ್ಲಿ ಹೋಗುವಂಥದಲ್ಲ. ಕಲುಷಿತ ನಿವೇಶನಗಳನ್ನು ಗುರುತಿಸಿ ಶೋಧಿಸುವ ನಿಯಮಾವಳಿಯನ್ನು ಕೇಂದ್ರ ಸರ್ಕಾರ ಅದೇ ವರ್ಷ ಹೊರಡಿಸಿದ್ದರಿಂದ, ಕೊರೆತ ಇನ್ನು ಹೆಚ್ಚುವುದು ಸಹಜ. ಕರ್ನಾಟಕದಲ್ಲಿ ಬೋರ್‌ವೆಲ್ ಕೊರೆಯುವುದನ್ನು ಕಂಡವರು ಬಲ್ಲರು: ಒತ್ತಿದ ಗಾಳಿಯಿಂದ ಕಲ್ಲಿನ ಹುಡಿಯನ್ನು ಆಕಾಶಕ್ಕೆ ಊದುತ್ತಾರೆ, ಆಳುಗಳು ಅದರ ಕೆಳಗೇ ನಿಂತು ಕೊಳವೆ ಜೋಡಿಸುತ್ತಾರೆ. ಶುದ್ಧವಾದ ಬಂಡೆಯಲ್ಲಿಯೇ ಆ ಹುಡಿ ಶ್ವಾಸಕೋಶಕ್ಕೆ ಹಾನಿಕರ. ವಿಷಭೂಮಿಯಲ್ಲಿ ಅದೇ ಕ್ರಮವನ್ನು ಅನುಸರಿಸಿದರೆ, ಹುಡುಕಲು ಹೋದ ವಿಷವನ್ನು ನಾವೇ ಗಾಳಿಗೆ ತೂರಿದಂತಾಗುತ್ತದೆ.

ಖರ್ಚು ಏರುತ್ತದೆ, ಕೆಲಸ ತಡವಾಗುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಆ ಖರ್ಚು ಮೊದಲಿನಿಂದಲೂ ಇದ್ದದ್ದೇ. ಕಡಿಮೆ ದರದ ಗುತ್ತಿಗೆಯಲ್ಲಿ ಅದನ್ನು ಕೂಲಿಯವನ ದೇಹ ಭರಿಸುತ್ತಿತ್ತು. ಯಂತ್ರವನ್ನು ನಿಲ್ಲಿಸುವ ಅಧಿಕಾರ ಅದರ ಬಳಿ ನಿಂತವನಿಗೇ ಇರಬೇಕು, ನಿಲ್ಲಿಸಿದ್ದಕ್ಕೆ ಅವನ ದಿನಗೂಲಿ ಕಡಿತವಾಗಕೂಡದು. ಬೆಂಜೀನಿನಿಂದ ಬರುವ ರಕ್ತದ ಕ್ಯಾನ್ಸರು ಎಷ್ಟೋ ವರ್ಷಗಳ ಬಳಿಕ ತಲೆದೋರಬಹುದು. ಅಷ್ಟರಲ್ಲಿ ಗುತ್ತಿಗೆ ಮುಗಿದು ರಿಗ್ಗು ಬೇರೆ ಜಿಲ್ಲೆಗೆ ಹೋಗಿರುತ್ತದೆ. ಯಾವ ನೆಲದಲ್ಲಿ ಕೊರೆದನು, ಅಂದು ಗಾಳಿಯಲ್ಲಿ ಏನು ಕಂಡಿತು, ವೈದ್ಯರು ಏನೆಂದರು ಎಂಬ ದಾಖಲೆಯ ಪ್ರತಿ ಆ ಕಾರ್ಮಿಕನ ಕೈಯಲ್ಲಿಯೇ ಇರಬೇಕು. ಈ ನೆಲಗಳನ್ನು ಕೊರೆಯಿಸಹೊರಟ ಮಾಲಿನ್ಯ ನಿಯಂತ್ರಣ ಮಂಡಳಿಗಳು ಟೆಂಡರಿನ ಮೊದಲ ಪುಟದಲ್ಲಿಯೇ ಇವನ್ನೆಲ್ಲ ಬರೆಯಲಿ.